ಚಿನ್ನದ ರೇಕಿನ ಯಶೋದೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ದೇವರ ಪಟಗಳ ವಿಷಯವನ್ನು ಮಾತನಾಡುವುದೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಈ ದಿನ ಪಂಪ, ಕುಮಾರವ್ಯಾಸರ ಹೆಸರು ಬರಬೇಕು. ೧೯೫೬ರ ನವೆಂಬರ್ ೧ರ ಮಾತು ಬರಬೇಕು. ಏಕೀಕರಣಕ್ಕಾಗಿ ದುಡಿದ ಹಿರಿಯರ ಸ್ಮರಣೆಯಾಗಬೇಕು. ಅವೆಲ್ಲವನ್ನೂ ನಮಗಿಂತ ಮೊದಲು ಮಾತನಾಡಿದ ಮಹನೀಯರು ಚೆನ್ನಾಗಿಯೇ ನೆರವೇರಿಸಿದ್ದಾರೆ. ಕಾರ್ಯದರ್ಶಿಗಳು ನಮಗೆ ಬಿಟ್ಟಿರುವುದು ಅರ್ಧ ಗಂಟೆ, ಅದೂ ಊಟಕ್ಕೆ ಮುಂಚಿನ ಅರ್ಧ ಗಂಟೆ. ಒಳಗಿನಿಂದ ಸಾರಿನ ಪರಿಮಳ ಬರುತ್ತಿರುವಾಗ ಶಾಸನಗಳ ಚರ್ಚೆ ಯಾರಿಗೆ ಬೇಕು? ಆದುದರಿಂದ ಮನೆಯ ಗೋಡೆಯ ಮೇಲಿನ ಒಂದು ವಸ್ತುವಿನ ಮಾತನ್ನೇ ಆಡೋಣವೆಂದು ಬಂದಿದ್ದೇವೆ.

ಮುಂಬಯಿಯಲ್ಲಿ ನೆಲಸಿದ ನಮ್ಮವರ ಮನೆಗಳಿಗೆ ಹೋಗಿ ನೋಡಿ. ಮಾಟುಂಗಾ, ವಡಾಲಾಗಳ ಹಳೆಯ ಕಟ್ಟಡಗಳಾಗಲಿ, ಮುಲುಂಡ, ಡೊಂಬಿವಲಿಗಳ ಹೊಸ ಮಹಡಿಗಳಾಗಲಿ, ಕನ್ನಡ ಪುಸ್ತಕಗಳ ಕಪಾಟು ಇದ್ದೀತು, ಇಲ್ಲದೆಯೂ ಇದ್ದೀತು. ಆದರೆ ದೇವರ ಗೂಡಿನ ಆಸುಪಾಸಿನಲ್ಲಿ ಒಂದು ಬಾಲಕೃಷ್ಣನ ಪಟ ಇಲ್ಲದ ಮನೆಯನ್ನು ನಾವು ಕಂಡದ್ದು ಕಡಿಮೆ. ಅದರಲ್ಲೂ ತಾಯಿಯ ತೊಡೆಯ ಮೇಲೆ ಕುಳಿತ ಕೃಷ್ಣ, ಬೆಣ್ಣೆಯ ಗಡಿಗೆಗೆ ಕೈ ಚಾಚಿದ ಕೃಷ್ಣ, ಅವನನ್ನು ತಡೆಯಲೋ ಮುದ್ದಿಸಲೋ ತಿಳಿಯದೆ ಕೈ ನೀಡಿದ ಯಶೋದೆ. ಮೈಸೂರು ಸೀಮೆಯಿಂದ ಬಂದವರ ಮನೆಯಲ್ಲಾದರೆ ಅದು ಕೆಲವೊಮ್ಮೆ ಚಿನ್ನದ ರೇಕು ಹಾಕಿದ ಪಟವಾಗಿರುತ್ತದೆ. ತಂಜಾವೂರಿನ ನಂಟಿದ್ದವರ ಮನೆಯಲ್ಲಿ ಗಾಜಿನ ಹರಳು ಕೂರಿಸಿದ್ದಾಗಿರುತ್ತದೆ. ಹೆಚ್ಚಿನವರ ಮನೆಯಲ್ಲಿ ಅಚ್ಚಿನ ಪಟ. ಈ ಮೂರೂ ಒಂದೇ ವಂಶದ ಮಕ್ಕಳೆಂಬುದನ್ನು ತೋರಿಸುವುದು ನಮ್ಮ ಇಂದಿನ ಕೆಲಸ.

ಮೊದಲಿಗೆ ಒಂದು ಪ್ರಶ್ನೆ. ಹೆತ್ತವಳು ದೇವಕಿ. ಆದರೂ ಪಟದಲ್ಲಿ ಮಗುವನ್ನು ಎತ್ತಿಕೊಂಡವಳು ಯಶೋದೆ. ದೇವಕಿಯ ತೊಡೆಯ ಮೇಲೆ ಆಡುವ ಕೃಷ್ಣನನ್ನು ಯಾರಾದರೂ ಬರೆಸಿ ಗೋಡೆಗೆ ತೂಗುಹಾಕಿದ್ದುಂಟೆ? ಬಹು ಅಪರೂಪ. ದೇವಕಿಗೆ ದಕ್ಕಿದ್ದು ಸೆರೆಮನೆಯ ಒಂದು ರಾತ್ರಿ. ಹೊಸ್ತಿಲು ದಾಟುವುದು, ಮಣ್ಣು ತಿನ್ನುವುದು, ಕಟ್ಟಲು ಹೋದರೆ ಹಗ್ಗ ಎರಡು ಬೆರಳು ಸಾಲದೆ ಬರುವುದು, ಇವೆಲ್ಲ ಸಾಕಿದವಳ ಪಾಲಿಗೆ ಬಂದವು. ನಮ್ಮ ದಾಸರೂ ಹೆಚ್ಚಾಗಿ ಹಾಡಿದ್ದು ಯಶೋದೆಯ ಭಾಗ್ಯವನ್ನೇ.

ಆದರೆ ಉಡುಪಿಯ ಕಡೆಯ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ದೇವಕಿಯನ್ನು ಮರೆಯದ ಒಂದು ಕಥೆ ನಿಮ್ಮಲ್ಲಿಯೇ ಉಂಟು. ಕೃಷ್ಣನ ಬಾಲಲೀಲೆಯನ್ನು ತಾನು ಕಾಣಲಿಲ್ಲವೆಂದು ದೇವಕಿ ದ್ವಾರಕೆಯಲ್ಲಿ ಕೊರಗಿದಳಂತೆ. ಆಗ ಅವನು ಮತ್ತೆ ಮಗುವಾಗಿ, ಅವಳ ಮುಂದೆ ಮೊಸರು ಕಡೆಯುವ ಆಟವಾಡಿ, ಬೆಣ್ಣೆ ಚೆಲ್ಲಿ ಅವಳನ್ನು ತೃಪ್ತಿಪಡಿಸಿದನಂತೆ. ಅದನ್ನು ಕಂಡ ರುಕ್ಮಿಣಿ ಆ ರೂಪವನ್ನೇ ಕಡೆದುಕೊಡಬೇಕೆಂದು ಕೇಳಿ, ವಿಶ್ವಕರ್ಮನಿಂದ ವಿಗ್ರಹ ಮಾಡಿಸಿದಳಂತೆ. ಅದೇ ಗೋಪೀಚಂದನದ ಗಡ್ಡೆಯೊಳಗೆ ಅಡಗಿ, ಹಡಗೇರಿ, ಮಲ್ಪೆಯ ಕಡಲ ತೀರದಲ್ಲಿ ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರ ಕೈ ಸೇರಿತೆಂಬುದು ಸ್ಥಳಪುರಾಣ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಹೆತ್ತ ತಾಯಿಯ ಕೊರಗಿಗಾಗಿ ಹುಟ್ಟಿದ ಮೂರ್ತಿ ಅದು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಮಕ್ಕಳ ತಾಯಂದಿರು ಕರಾವಳಿಯಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು ಎಣಿಸಿದರೆ, ಈ ಕಥೆ ಅಲ್ಲಿ ಇಷ್ಟು ಬಲವಾಗಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಕಡಲ ತಡಿಯ ಒಂದು ಊರಿನಲ್ಲಿ ಹೆತ್ತವಳನ್ನು ಬಿಟ್ಟು, ಕಡಲ ತಡಿಯ ಇನ್ನೊಂದು ಊರಿನಲ್ಲಿ ಸಾಕಿದವಳ ಅನ್ನ ಉಂಡವರು ನಾವು. ಮುಂಬಯಿಯನ್ನು ಯಶೋದೆಯೆಂದರೆ ಊರಿನವರು ಮುನಿಸಿಕೊಳ್ಳಬಾರದು.

ಇನ್ನು ಪಟದ ಮಾತಿಗೆ ಬರೋಣ. ಮೈಸೂರು ಸಂಪ್ರದಾಯದ ಪಟ ಹೇಗೆ ಹುಟ್ಟುತ್ತದೆಂಬುದನ್ನು ತಿಳಿದರೆ ಅದರ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಮರದ ಹಲಗೆ, ಅದರ ಮೇಲೆ ಅಂಟಿಸಿದ ಬಟ್ಟೆ ಅಥವಾ ಕಾಗದ. ಚಿತ್ರದ ಮೊದಲ ಗೆರೆಗಳಿಗೆ ಬೇಕಾದ ಇದ್ದಿಲನ್ನು ಚಿತ್ರಗಾರ ಅಂಗಡಿಯಿಂದ ತರುತ್ತಿರಲಿಲ್ಲ. ಹುಣಸೆಯ ಸಣ್ಣ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಬರೆಯುವ ಕಡ್ಡಿ ಮಾಡಿಕೊಳ್ಳುತ್ತಿದ್ದ. ಕುಂಚಕ್ಕೆ ಅಳಿಲಿನ ಕೂದಲು, ಒಂಟೆಯ ಕೂದಲು, ಮೇಕೆಯ ಕೂದಲು. ಅತಿ ಸೂಕ್ಷ್ಮವಾದ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪಾದ ತುದಿ. ಬಣ್ಣಗಳು ಗಿಡದಿಂದ, ಎಲೆಯಿಂದ, ಹೂವಿನಿಂದ, ಕಲ್ಲಿನಿಂದ. ಬರೆಯುವ ಕ್ರಮವೂ ಗಮನಿಸತಕ್ಕದ್ದು. ದೂರದ ವಸ್ತುಗಳು ಮೊದಲು: ಆಕಾಶ, ಬೆಟ್ಟ, ನದಿ. ಆಮೇಲೆ ಹತ್ತಿರದವು: ಪ್ರಾಣಿಗಳು, ಮನುಷ್ಯರು. ಅವುಗಳಿಗೆ ಬಣ್ಣ ತುಂಬಿದ ಮೇಲೆ ಮುಖ, ಉಡುಗೆ, ಒಡವೆ. ಲೋಕವನ್ನೆಲ್ಲ ಅಣಿಮಾಡಿ ಕೊನೆಗೆ ತಾಯಿಯ ಕಣ್ಣು ತೆರೆಸುತ್ತಿದ್ದರೆಂದು ಹೇಳಿದರೆ ತಪ್ಪಾಗದು.

ಚಿನ್ನದ ಕೆಲಸ ಒಡವೆಗಳ ಜೊತೆಯಲ್ಲಿ ಬರುತ್ತದೆ. ಸಫೇದ, ಎಂದರೆ ಸೀಸದ ಬಿಳಿ ಪುಡಿ, ಹಳದಿ ಬಣ್ಣದ ಒಂದು ಮರದ ಅಂಟು, ಅದರೊಡನೆ ಗೋಂದು, ಇವುಗಳನ್ನು ನುಣ್ಣಗೆ ಅರೆದು ಲೇಹ್ಯದಂತೆ ಮಾಡಿಕೊಳ್ಳುತ್ತಾರೆ. ಸರ, ಕಿರೀಟ, ಸೀರೆಯ ಅಂಚು, ಮಂಟಪದ ಕಮಾನು ಎಲ್ಲೆಲ್ಲಿ ಉಬ್ಬಬೇಕೋ ಅಲ್ಲಲ್ಲಿ ಕುಂಚದಿಂದ ಈ ಲೇಪವನ್ನು ಎಳೆ ಎಳೆಯಾಗಿ ಏರಿಸುತ್ತಾರೆ. ಇಂದಿನ ಕಲಾವಿದರು ಇದನ್ನು ಜೆಸ್ಸೋ ಕೆಲಸವೆನ್ನುತ್ತಾರೆ. ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಚಿತ್ರ ಒಣಗಿದ ಮೇಲೆ ತೆಳ್ಳನೆಯ ಕಾಗದ ಹೊದಿಸಿ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ. ಆಗ ಚಿನ್ನ ಮಿನುಗುತ್ತದೆ. ರೇಕು ಎಷ್ಟು ತೆಳುವೆಂದರೆ ಒಂದು ಗ್ರಾಂ ಚಿನ್ನವನ್ನು ಬಡಿದರೆ ಸುಮಾರು ಅರ್ಧ ಚದರ ಮೀಟರಿನಷ್ಟು ಹರಡೀತು. ಉಸಿರು ಬಿಟ್ಟರೆ ಹಾರಿಹೋಗುವ ವಸ್ತು ಅದು. ಜವೇರಿ ಬಜಾರಿನ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟಲು ಹೋಗಬಾರದು. ಪಟದ ಬೆಲೆ ಚಿನ್ನದಲ್ಲಿಲ್ಲ, ಅದನ್ನು ಕೂರಿಸಿದ ಕೈಯಲ್ಲಿದೆ.

ಮೈಸೂರಿಗೂ ತಂಜಾವೂರಿಗೂ ಏನು ವ್ಯತ್ಯಾಸವೆಂದು ಕೇಳುವವರುಂಟು. ತಂಜಾವೂರಿನ ಪಟದಲ್ಲಿ ಉಬ್ಬು ದಪ್ಪ, ಬಣ್ಣ ಗಾಢ, ಹರಳುಗಳ ಅಲಂಕಾರ ಉಂಟು. ಬೆಣ್ಣೆಯ ಮುದ್ದೆಯಂಥ ಗುಂಡು ಕೃಷ್ಣ ಪಟವನ್ನೆಲ್ಲ ತುಂಬಿ ಕೂರುತ್ತಾನೆ. ಮೈಸೂರಿನಲ್ಲಿ ಉಬ್ಬು ತೀರ ಸಣ್ಣದು, ಬೆರಳಾಡಿಸಿದರೆ ಮಾತ್ರ ತಿಳಿಯುವಂಥದು. ಗೆರೆ ನವುರು, ಬಣ್ಣ ಸೌಮ್ಯ, ಹರಳಿನ ಹಂಬಲವಿಲ್ಲ. ಯಾವುದು ಹೆಚ್ಚೆಂಬ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಆದರೂ ಒಂದು ಮಾತು. ತಂಜಾವೂರಿನ ಕೃಷ್ಣ ಬಾಗಿಲಲ್ಲಿ ನಿಂತವರನ್ನೇ ಕರೆಯುತ್ತಾನೆ. ಮೈಸೂರಿನ ಯಶೋದೆಯನ್ನು ಕಾಣಬೇಕಾದರೆ ಹತ್ತಿರ ಹೋಗಬೇಕು. ನಮ್ಮ ಮನಸ್ಸು ಎರಡನೆಯದರ ಕಡೆಗೆ.

ಹತ್ತಿರ ಹೋದಾಗ ನಾವು ಗಮನಿಸಿದ ಒಂದು ಸಂಗತಿಯನ್ನು ಹೇಳಬೇಕು. ಚಿನ್ನವೆಲ್ಲ ಒಡವೆಗೆ, ಅಂಚಿಗೆ, ಪೀಠಕ್ಕೆ. ಮೈಗೆ ಚಿನ್ನವಿಲ್ಲ. ತಾಯಿಯ ಅಂಗೈ ಮಗುವಿನ ಬೆನ್ನಿಗೆ ತಾಗುವ ಜಾಗದಲ್ಲಿ ಬರಿಯ ಬಣ್ಣ, ಬರಿಯ ಗೆರೆ. ಸುತ್ತಲೂ ಎಷ್ಟು ಹೊಳಪಿದ್ದರೂ ಕಣ್ಣು ಹೋಗಿ ನಿಲ್ಲುವುದು ಆ ಹೊಳಪಿಲ್ಲದ ಜಾಗದಲ್ಲಿ. ಇನ್ನೊಂದು ಸಂಗತಿ: ಈ ಪಟಗಳು ಟ್ಯೂಬ್‌ಲೈಟಿಗಾಗಿ ಹುಟ್ಟಿದವಲ್ಲ. ಎಣ್ಣೆಯ ದೀಪದ ಸೊಡರು ಅಲುಗಿದಾಗ ಉಬ್ಬಿದ ಚಿನ್ನದ ಒಂದು ಬದಿ ಬೆಳಗಿ ಇನ್ನೊಂದು ಬದಿ ಮಂಕಾಗುತ್ತದೆ; ಸರವು ಉಸಿರಾಟಕ್ಕೆ ಅಲುಗಿದಂತೆ ತೋರುತ್ತದೆ. ಮನೆಯಲ್ಲಿ ಇಂಥ ಪಟವಿದ್ದವರು ಒಂದು ಸಂಜೆ ವಿದ್ಯುದ್ದೀಪಗಳನ್ನು ಆರಿಸಿ, ನೀಲಾಂಜನವೊಂದನ್ನು ಹಚ್ಚಿ, ಸ್ವಲ್ಪ ದೂರದಲ್ಲಿಟ್ಟು ನೋಡಿ. ದೂರದಲ್ಲಿ ಎಂದೆವು, ಹತ್ತಿರವಿಟ್ಟರೆ ಮಸಿ ಹಿಡಿದೀತು.

ಈ ಕಲೆಯ ಬೇರು ವಿಜಯನಗರದಲ್ಲಿದೆ. ಲೇಪಾಕ್ಷಿಯ ಮಾಡಿನ ಚಿತ್ರಗಳನ್ನು, ಹಂಪೆಯ ವಿರೂಪಾಕ್ಷನ ಗುಡಿಯ ರಂಗಮಂಟಪದ ಮಾಡನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೫೬೫ರ ರಕ್ಕಸತಂಗಡಿಯ ಕದನದ ತರುವಾಯ ಆಶ್ರಯ ತಪ್ಪಿದ ಚಿತ್ರಗಾರರು ದಿಕ್ಕುದಿಕ್ಕಿಗೆ ಚದುರಿದರು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಕೆಲವರಿಗೆ ಅಲ್ಲಿ ಆಸರೆಯಾಯಿತು. ಕೆಲವರು ತೆಂಕಲಿಗೆ ತಂಜಾವೂರಿನ ನಾಯಕರ ಬಳಿಗೆ ಹೋದರು. ಮುಂಬಯಿಯಲ್ಲಿರುವ ನಮಗೆ ಸ್ವಾರಸ್ಯದ ಸಂಗತಿಯೆಂದರೆ, ಆ ತಂಜಾವೂರು ೧೬೭೦ರ ದಶಕದಲ್ಲಿ ಏಕೋಜಿಯ ಕೈಗೆ ಬಂದಿತು. ಏಕೋಜಿ ಯಾರು? ಶಹಾಜಿ ಭೋಸಲೆಯವರ ಮಗ, ಶಿವಾಜಿ ಮಹಾರಾಜರ ಮಲತಮ್ಮ. ಹೊರಟದ್ದು ತಂದೆಯ ಜಹಗೀರಾಗಿದ್ದ ಬೆಂಗಳೂರಿನಿಂದ. ಅವನ ವಂಶದ ಎರಡನೆಯ ಸರಫೋಜಿಯ ಕಾಲದಲ್ಲಿ (೧೭೯೮–೧೮೩೨) ತಂಜಾವೂರಿನ ಪಟಗಳು ಇಂದು ನಾವು ಕಾಣುವ ರೂಪಕ್ಕೆ ಬಂದವು. ಕನ್ನಡನಾಡಿನ ಕಲೆ, ತೆಲುಗು ಮನೆಮಾತಿನ ಚಿತ್ರಗಾರರು, ತಮಿಳು ನೆಲ, ಮರಾಠಿ ದೊರೆ! ನೆರೆಹೊರೆಯವರೊಡನೆ ಭಾಷೆಗಾಗಿ ಜಗಳ ಬಂದಾಗ ನಾವು ಈ ಪಟವನ್ನೇ ತೋರಿಸುವುದುಂಟು.

‘ಎಲ್ಲವೂ ಮೈಸೂರಿನದೇ ಆಯಿತಲ್ಲ’ ಎಂದು ಧಾರವಾಡದ ಕಡೆಯ ಮಿತ್ರರು ಹಿಂದಿನ ಸಾಲಿನಲ್ಲಿ ಗೊಣಗುತ್ತಿರುವುದು ಕೇಳಿಸುತ್ತಿದೆ. ಅವರಿಗಾಗಿ ಕೊಪ್ಪಳದ ಹತ್ತಿರದ ಕಿನ್ನಾಳವನ್ನು ನೆನೆಯೋಣ. ಅಲ್ಲಿನ ಚಿತ್ರಗಾರ ಮನೆತನಗಳು ತಾವೂ ವಿಜಯನಗರದವರ ಸಂತತಿಯೆಂದೇ ಹೇಳುತ್ತವೆ. ಅವರು ಮಾಡುವುದು ಪಟವಲ್ಲ, ಮರದ ಗೊಂಬೆ, ಗೌರಿ, ಗರುಡ. ಚಿನ್ನ ಕೊಳ್ಳುವ ಶಕ್ತಿಯಿಲ್ಲದ ಊರಿನಲ್ಲಿ ತವರದಿಂದಲೇ ಬಂಗಾರದ ಹೊಳಪು ತರುವ ‘ಲಾಜವರ’ ಎಂಬ ಪದ್ಧತಿ ಅವರದು. ಅದೊಂದು ಪ್ರತ್ಯೇಕ ಭಾಷಣದ ವಿಷಯ.

ಮೈಸೂರು ಪಟಗಳ ಹಿರಿಯ ಪೋಷಕರು ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮). ಅವರ ಬಾಳನ್ನು ಅರಿಯದೆ ಈ ಚಿತ್ರಗಳನ್ನು ಪೂರ್ತಿಯಾಗಿ ಅರಿಯಲಾಗದೆಂದು ನಮ್ಮ ಭಾವನೆ. ೧೭೯೯ರಲ್ಲಿ ಟಿಪ್ಪುವಿನ ಪತನದ ನಂತರ ಅವರನ್ನು ಸಿಂಹಾಸನದ ಮೇಲೆ ಕೂರಿಸಿದಾಗ ವಯಸ್ಸು ಐದು. ಅಜ್ಜಿಯ ಸ್ಥಾನದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅವರ ಬೆನ್ನ ಹಿಂದಿನ ಬಲ. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ರಾಜ್ಯವಿಲ್ಲದ ರಾಜರಿಗೆ ಉಳಿದದ್ದು ಸಂಗೀತ, ಸಾಹಿತ್ಯ, ಆಟ, ಚಿತ್ರ. ತಂಜಾವೂರು ಕೊಂಡಯ್ಯ, ಸುಂದರಯ್ಯ, ಆಲಸಿಂಗರಯ್ಯ ಮೊದಲಾದ ಚಿತ್ರಗಾರರು ಅವರ ಆಶ್ರಯದಲ್ಲಿದ್ದರು. ಕೊಂಡಯ್ಯನ ಹೆಸರೇ ಎರಡು ಊರುಗಳ ನಂಟಿಗೆ ಸಾಕ್ಷಿ. ೧೮೬೧ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವರ ಕಾಲದ ಚಿತ್ರಗಳಿವೆ. ಮೈಸೂರಿಗೆ ಹೋದಾಗ ದೊಡ್ಡ ಅರಮನೆಯ ದೀಪಗಳನ್ನು ನೋಡಿ ಹಿಂತಿರುಗದೆ ಇಲ್ಲಿಗೂ ಒಂದು ಗಳಿಗೆ ಹೋಗಿ ಬರಬೇಕು.

ಅರಸರು ಬರೆಯಿಸಿದ ಚಿತ್ರಗಳಲ್ಲಿ ‘ಸಂತಾನಾಂಬುಜ’ವೆಂಬುದೊಂದು. ತಾವರೆಯ ರೂಪದಲ್ಲಿ ಒಡೆಯರ ವಂಶಾವಳಿ. ತಮ್ಮ ವಂಶವನ್ನು ಹೂವಾಗಿ ಅರಳಿಸಿ ಬರೆಯಿಸಿದ ಆ ಅರಸರಿಗೆ ಪಟ್ಟಕ್ಕೆ ಬರುವ ಔರಸ ಪುತ್ರನಿರಲಿಲ್ಲ. ೧೮೬೫ರಲ್ಲಿ, ಎಪ್ಪತ್ತರ ಇಳಿವಯಸ್ಸಿನಲ್ಲಿ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲಿಷ್ ಸರಕಾರ ಅದನ್ನು ಒಪ್ಪಿದ್ದು ೧೮೬೭ರಲ್ಲಿ. ಅರಸರು ತೀರಿಕೊಂಡದ್ದು ೧೮೬೮ರಲ್ಲಿ. ಆ ದತ್ತುಮಗುವಿನ ಕೈಗೆ ೧೮೮೧ರಲ್ಲಿ ರಾಜ್ಯ ಮರಳಿ ಬಂದಿತು. ಹೆತ್ತ ಸಂಬಂಧವೇ ದೊಡ್ಡದೆಂದು ಹಟ ಹಿಡಿದಿದ್ದರೆ ಮೈಸೂರು ಸಂಸ್ಥಾನವೇ ಅಳಿದುಹೋಗುತ್ತಿತ್ತು. ಇಂಥ ಅರಮನೆಯ ನೆರಳಿನಲ್ಲಿ ಬೆಳೆದ ಚಿತ್ರಗಾರ ಯಶೋದೆಯನ್ನು ಬರೆಯುವಾಗ ಬರಿಯ ಪುರಾಣವನ್ನೇ ಬರೆಯುತ್ತಿದ್ದನೆಂದು ನಮಗೆ ತೋರುವುದಿಲ್ಲ. ಮಕ್ಕಳಿಲ್ಲದವರು ಸಂತಾನಗೋಪಾಲನನ್ನು ಪೂಜಿಸುವುದು, ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಪುಟ್ಟ ತೊಟ್ಟಿಲು ಒಪ್ಪಿಸುವುದು, ಇವೆಲ್ಲ ಆ ಸೀಮೆಯಲ್ಲಿ ಇಂದಿಗೂ ನಡೆದಿರುವ ಹರಕೆಗಳು. ಪಟವೂ ಒಂದು ಹರಕೆಯೇ.

ಅರಸರ ಇನ್ನೊಂದು ದೊಡ್ಡ ಕೆಲಸ ‘ಶ್ರೀತತ್ತ್ವನಿಧಿ’. ಒಂಬತ್ತು ನಿಧಿಗಳಾಗಿ ವಿಭಾಗಿಸಿದ ಈ ಬೃಹದ್ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳು, ಅವಕ್ಕೆ ತಕ್ಕ ವರ್ಣಚಿತ್ರಗಳು ಇವೆ. ಗಣಪತಿಯೊಬ್ಬನಿಗೇ ೩೨ ರೂಪಗಳು. ಅವುಗಳಲ್ಲಿ ಮೊದಲನೆಯದು ಬಾಲಗಣಪತಿ. ಯಾವ ದೇವರಿಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ ಎಂಬುದಕ್ಕೆ ಚಿತ್ರಗಾರರಿಗೆ ಇದು ಆಧಾರ. ಇದರ ಮೂಲಗ್ರಂಥದ ಪಾಠ, ಚಿತ್ರಗಳಿಲ್ಲದೆ, ದೇವನಾಗರಿ ಅಕ್ಷರದಲ್ಲಿ ಸುಮಾರು ನೂರು ವರ್ಷಗಳಿಗೂ ಹಿಂದೆ ಅಚ್ಚಾದದ್ದು ಎಲ್ಲಿ? ಇದೇ ಮುಂಬಯಿಯಲ್ಲಿ, ಖೇಮರಾಜ ಶ್ರೀಕೃಷ್ಣದಾಸರ ವೆಂಕಟೇಶ್ವರ ಮುದ್ರಣಾಲಯದಲ್ಲಿ.

ಮುಂಬಯಿಯ ಅಚ್ಚಿನ ಯಂತ್ರದ ಮಾತು ಬಂದ ಮೇಲೆ ರಾಜಾ ರವಿವರ್ಮರನ್ನು ಬಿಡುವಂತಿಲ್ಲ. ಅವರು ಇಲ್ಲಿ ಶಿಲಾಮುದ್ರಣದ ಕಾರಖಾನೆಯನ್ನು ತೆರೆದದ್ದು ೧೮೯೪ರಲ್ಲಿ. ಮುಂದೆ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು, ಕೆಲವೇ ವರ್ಷಗಳಲ್ಲಿ ಜರ್ಮನ್ ತಂತ್ರಜ್ಞ ಶ್ಲೈಶರರ ಪಾಲಾಯಿತು. ರವಿವರ್ಮರೂ ಯಶೋದೆಯನ್ನು ಬರೆದರು. ಆದರೆ ಅವರದು ತೈಲವರ್ಣ, ಬೆಳಕು ನೆರಳಿನ ಮಾಟ. ಅಲ್ಲಿ ರೇಕಿನ ಚಿನ್ನಕ್ಕೆ ಎಡೆಯಿಲ್ಲ, ಚಿನ್ನದ ಒಡವೆಯನ್ನೂ ಬಣ್ಣದಲ್ಲೇ ತೋರಿಸಬೇಕು. ಅರಮನೆಗೂ ದೇವಸ್ಥಾನಕ್ಕೂ ಮೀಸಲಾಗಿದ್ದ ದೇವರು ಅಚ್ಚಿನ ಪಟದಲ್ಲಿ ಗಿರಗಾಂವದ, ಪರೇಲದ ಚಾಳಿನ ಖೋಲಿಗೆ ಬಂದ. ಗಿರಣಿಯ ಬಟ್ಟೆಯ ತಾನುಗಳ ಚೀಟಿಗಳ ಮೇಲೆ ಕೂಡ ಕೃಷ್ಣ, ಲಕ್ಷ್ಮಿಯರು ಕುಳಿತರು.

ಆಮೇಲೆ ನಡೆದದ್ದು ನಮಗೆ ಬಹು ಪ್ರಿಯವಾದ ಸಂಗತಿ. ಮನೆಯ ಹೆಂಗಸರಿಗೆ ಆ ಬರಿಯ ಕಾಗದದ ದೇವರು ಸಾಲದೆ ಹೋದ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಅಚ್ಚಿನ ಪಟವನ್ನು ತೊಡೆಯ ಮೇಲಿಟ್ಟುಕೊಂಡು, ಸೀರೆಗೆ ನಿಜವಾದ ಜರಿ ಹೊಲಿದರು, ಸರಕ್ಕೆ ಮಣಿ ಪೋಣಿಸಿದರು, ಕಿರೀಟಕ್ಕೆ ಟಿಕಲಿ ಅಂಟಿಸಿದರು. ಹೀಗೆ ಸಿಂಗರಿಸಿದ ರವಿವರ್ಮನ ಪಟಗಳನ್ನು ಇಂದು ಸಂಗ್ರಹಕಾರರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಯಂತ್ರ ಬಿಟ್ಟ ಚಿನ್ನವನ್ನು ಸೂಜಿ ಮರಳಿ ತಂದಿತು. ಚಿತ್ರಗಾರನ ಹೆಸರಾದರೂ ಒಮ್ಮೊಮ್ಮೆ ಸಿಗುತ್ತದೆ. ಈ ತಾಯಂದಿರ ಹೆಸರು ಯಾವ ಪಟದ ಮೇಲೂ ಇಲ್ಲ.

ಈಗ ನಮಗೆ ಆಪ್ತವಾದ ಒಂದು ಮನೆತನದ ಸಂಗತಿಯನ್ನು ಹೇಳಬೇಕಾಗಿದೆ. ಹೆಸರು ಬೇಡ. ಮೈಸೂರು ಸೀಮೆಯವರು, ಯಜಮಾನರು ರೈಲ್ವೆಯಲ್ಲಿ ಗುಮಾಸ್ತೆಯಾಗಿದ್ದವರು, ಮಾಟುಂಗಾದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಮನೆಯೊಡತಿ ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಯ ಮಡಿಕೆಗಳ ನಡುವೆ ಇಟ್ಟು ತಂದ ಯಶೋದಾಕೃಷ್ಣರ ಪಟ, ಚಿನ್ನದ ರೇಕಿನದು, ಅಲ್ಲಿ ಐವತ್ತು ವರ್ಷ ತೂಗಿತು. ಕಟ್ಟಡ ಪುನರ್ನಿರ್ಮಾಣಕ್ಕೆ ಹೋದಾಗ ಮೂವರು ಮಕ್ಕಳು ಮೂರು ಉಪನಗರಗಳಿಗೆ ಹಂಚಿಹೋದರು. ಪಟ ಹಿರಿಯ ಮಗನ ಪಾಲಿಗೆ ಬಂದಿತು. ಹೊಸ ಮನೆಯ ಹೊರಗೋಡೆಯ ತೇವ ಹಲಗೆಯೊಳಗೆ ಇಳಿದು ಒಂದು ಮೂಲೆಯಲ್ಲಿ ಚಿನ್ನ ಎದ್ದಿತು. ಅವನು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕಟ್ಟು ಹಾಕುವ ಒಂದು ಅಂಗಡಿಗೆ ಕೊಟ್ಟ. ಅಂಗಡಿಯವನು ‘ಹೊಸದರಂತೆ’ ಮಾಡಿಕೊಟ್ಟ: ಎದ್ದಲ್ಲೆಲ್ಲ ಬಂಗಾರದ ಬಣ್ಣದ ಪೇಂಟು, ಮೇಲೆ ಒಂದು ಕೈ ವಾರ್ನಿಷು. ಎರಡು ಮಳೆಗಾಲ ಕಳೆಯುವುದರೊಳಗೆ ಪೇಂಟು ಕಪ್ಪಾಗಿ, ಪೊರೆ ಪೊರೆಯಾಗಿ ಏಳತೊಡಗಿತು. ಏಳುವಾಗ ಕೆಳಗಿನ ಹಳೆಯ ಚಿನ್ನವನ್ನೂ ಕಿತ್ತುಕೊಂಡು ಬಂದಿತು.

ಆ ಹೊತ್ತಿಗೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ, ಇದ್ದ ಸ್ಥಿತಿಯಲ್ಲೇ, ಒಂದು ದೊಡ್ಡ ಮೊತ್ತವನ್ನು ಹೇಳಿದ. ಕಿರಿಯ ಮಗ ಮಾರೋಣವೆಂದ; ಅವನಿಗೆ ಮನೆಸಾಲ ಇತ್ತು. ಮಗಳು ಕೂಡದೆಂದಳು. ಹಿರಿಯವನು ತಲೆ ತಗ್ಗಿಸಿ ಕುಳಿತ. ಆ ಪಂಚಾಯಿತಿಗೆ ನಮ್ಮನ್ನೂ ಕರೆದಿದ್ದರು. ಎಂಬತ್ತು ದಾಟಿದ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಆಡಿದ್ದು ಇಷ್ಟೆ: “ಮಾರಿದರೆ ಮೂರು ಪಾಲು ಮಾಡ್ಕೋಬಹುದು ಕಣ್ರಪ್ಪ. ಇಟ್ಕೊಂಡರೆ ಯಾರ ಮನೇಲಿ ಇಡ್ತೀರಿ? ಅದನ್ನ ಮೊದಲು ಹೇಳಿ.” ಯಾರೂ ಕೂಡಲೆ ಉತ್ತರ ಕೊಡಲಿಲ್ಲ. ಅವರು ಪಟದ ಮಾತನ್ನಷ್ಟೇ ಆಡುತ್ತಿರಲಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಮಗಳು ಪಟವನ್ನೂ ತಾಯಿಯನ್ನೂ ಮುಲುಂಡಕ್ಕೆ ಕರೆದುಕೊಂಡು ಹೋದಳು. ಸಂರಕ್ಷಣೆಯ ಕೆಲಸ ಬಲ್ಲವರಿಗೆ ತೋರಿಸಿದಾಗ, ಪೇಂಟನ್ನು ತೆಗೆಯಬಹುದು, ಆದರೆ ಅದರೊಡನೆ ಇನ್ನಷ್ಟು ಚಿನ್ನ ಹೋದೀತೆಂದರು. ಆದುದರಿಂದ ಹಾಗೆಯೇ ಬಿಟ್ಟಿದ್ದಾರೆ. ಯಶೋದೆಯ ಎಡಭುಜದ ಮೇಲಿನ ಅಂಚು ಕಪ್ಪು, ಬಲಭುಜದ ಮೇಲಿನದು ಚಿನ್ನ. ಮುಖಕ್ಕೆ ಏನೂ ಆಗಿಲ್ಲ. ಕಿರಿಯವನ ಸಾಲ ಇನ್ನೂ ಇದೆ. ವ್ಯಾಪಾರಿಯ ಫೋನು ಇನ್ನೂ ಬರುತ್ತದೆ.

ಚೋರ ಬಜಾರದ ಮಟನ್ ಬೀದಿಯ ಅಂಗಡಿಗಳಲ್ಲಿ ಅಡ್ಡಾಡಿದವರಿಗೆ ಗೊತ್ತು, ಅಲ್ಲಿನ ದೇವರ ಪಟಗಳು ಎಲ್ಲಿಂದಲೋ ಹಾರಿ ಬಂದವಲ್ಲ. ಒಂದೊಂದೂ ಒಂದು ಮನೆಯ ಪಂಚಾಯಿತಿಯ ಕೊನೆ. ಮಾರಿದವರನ್ನು ನಾವು ದೂರುವುದಿಲ್ಲ. ಈ ನಗರದಲ್ಲಿ ಗೋಡೆಯ ಬೆಲೆ ಪಟದ ಬೆಲೆಗಿಂತ ಹೆಚ್ಚು. ಆದರೆ ಅರಿಯದೆ ಕೆಡಿಸಿಕೊಳ್ಳುವುದನ್ನು ತಪ್ಪಿಸಬಹುದು. ಅದಕ್ಕಾಗಿ ನಾಲ್ಕು ಮಾತು.

ಇಂಥ ಪಟವನ್ನು ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಯೇ ಸರಿ. ಬಿಸಿಲು ನೇರವಾಗಿ ಬೀಳಕೂಡದು, ಗಿಡದ ಬಣ್ಣ ಬಿಳಿಚುತ್ತದೆ. ಕಟ್ಟಿನ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಸಣ್ಣ ಅಂತರವಿರಲಿ. ಹಿಂದೆ ಎರಡು ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ಹಬ್ಬದ ಮುನ್ನಾದಿನ ಒದ್ದೆ ಬಟ್ಟೆಯಿಂದ ಒರೆಸುವ ನಮ್ಮ ಹೆಂಗಸರ ಉತ್ಸಾಹವನ್ನು ಕೈಮುಗಿದು ತಡೆಯಬೇಕು. ಎಣ್ಣೆ ಸವರುವುದಂತೂ ಕೂಡದು. ಕುಂಕುಮ ಇಡಲೇಬೇಕಾದರೆ ಗಾಜಿನ ಮೇಲೆ ಇಡಿ. ಹಳೆಯ ಪಟದಲ್ಲಿ ಸೀಸದ ಬಿಳಿ ಇರುವುದರಿಂದ ಉದುರಿದ ಪುಡಿಯನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಬೇಕು. ಮಣ್ಣು ತಿಂದ ಕೃಷ್ಣನ ಕಥೆಯನ್ನು ಅಲ್ಲಿಗೆ ಅನ್ವಯಿಸಬಾರದು! ಚಿನ್ನ ಎದ್ದಿದ್ದರೆ ಕಟ್ಟು ಹಾಕುವವರ ಬಳಿಗೆ ಓಡಬೇಡಿ. ಕೋಟೆಯ ಭಾಗದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಕಲಾವಸ್ತುಗಳ ಸಂರಕ್ಷಣೆಯ ಕೇಂದ್ರವುಂಟು, ಅಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿಯೂ ಇಂಥ ಕೇಂದ್ರವಿದೆ.

ಹೊಸದನ್ನು ಕೊಳ್ಳುವವರಿಗೂ ಒಂದು ಮಾತು. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೂ ತಂಜಾವೂರಿನದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೂ ಸಂತೆಗಳಲ್ಲಿ ಸಿಗುವ ಎಷ್ಟೋ ಪಟಗಳಲ್ಲಿ ಚಿನ್ನವೆಂಬುದು ಹಿತ್ತಾಳೆಯ ರೇಕು. ಅಪ್ಪಟ ಚಿನ್ನಕ್ಕೆ ನಮ್ಮ ಕಡಲ ಗಾಳಿ ಏನೂ ಮಾಡದು. ಹಿತ್ತಾಳೆ ಕೆಲವು ವರ್ಷಗಳಲ್ಲಿ ಕಂದಿ ಕಪ್ಪಾಗುತ್ತದೆ. ಅಪ್ಪಟವೋ ಅಲ್ಲವೋ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಲೆ ಹೆಚ್ಚೆಂದು ಚೌಕಾಸಿ ಮಾಡುವ ಮುನ್ನ ಅಂಗೈಯಗಲದ ಕಮಾನಿಗೆ ಲೇಪ ಏರಿಸಲು ಎಷ್ಟು ದಿನ ಹಿಡಿಯುತ್ತದೆಂದು ಕಲಾವಿದರನ್ನೇ ವಿಚಾರಿಸಿ. ಈ ವಿದ್ಯೆ ಅಳಿದುಹೋಗುವ ಹಂತಕ್ಕೆ ಬಂದಿದ್ದಾಗ ೧೯೬೦ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು, ಅದರಲ್ಲೂ ಎಂ.ಎಸ್. ನಂಜುಂಡರಾಯರ ಶ್ರಮ, ಹಳೆಯ ಪಟಗಳನ್ನು ಕೂಡಿಸಿ ಕಾಪಾಡಿತು. ಬೆಂಗಳೂರಿಗೆ ಮದುವೆ ಮುಂಜಿಗೆ ಹೋದಾಗ ಕುಮಾರಕೃಪಾ ರಸ್ತೆಯಲ್ಲಿರುವ ಅದರ ಸಂಗ್ರಹವನ್ನು ಮಕ್ಕಳಿಗೆ ತೋರಿಸಿ.

ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡುತ್ತಾರೆ, ಓದಲಾರರು. ಇದಕ್ಕಾಗಿ ಪ್ರತಿ ರಾಜ್ಯೋತ್ಸವದಲ್ಲೂ ನಾವು ಕಣ್ಣೀರಿಡುತ್ತೇವೆ, ಆಮೇಲೆ ಹೋಳಿಗೆ ತಿಂದು ಮನೆಗೆ ಹೋಗುತ್ತೇವೆ. ಓದುವುದನ್ನು ಕಲಿಸುವವರೆಗೆ ಪಟವನ್ನಾದರೂ ಓದಿಸಬಹುದಲ್ಲವೆ? ಇದು ಕಡೆಗೋಲು, ಇದು ಸಿಂಬೆ, ಇದು ನೆಲುವು, ಇದು ಜಡೆಬಿಲ್ಲೆ, ಇದು ಡಾಬು, ಇದು ವಂಕಿ. ಡೊಂಬಿವಲಿಯ ಅಡಿಗೆಮನೆಯಲ್ಲಿ ನೆಲುವು ಎಲ್ಲಿಂದ ಬರಬೇಕು? ಆ ಮಾತು ಈಗ ಉಳಿದಿರುವುದು ಬೆಣ್ಣೆ ಕದಿಯುವ ಕೃಷ್ಣನ ಪಟದಲ್ಲಿಯೇ. ಅಜ್ಜಿಯರು ಮನಸ್ಸು ಮಾಡಿದರೆ ಒಂದು ಪಟದಿಂದ ನೂರು ಕನ್ನಡ ಮಾತುಗಳನ್ನು ತೆಗೆದುಕೊಡಬಲ್ಲರು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಒಂದು ಬಿನ್ನಹ ಮಾಡಿ ಮುಗಿಸುತ್ತೇವೆ. ನಿಮ್ಮ ಮನೆಯಲ್ಲಿ ಹಳೆಯ ಪಟವಿದ್ದರೆ, ಚಿನ್ನದ್ದಾಗಲಿ, ಜರಿ ಹೊಲಿದದ್ದಾಗಲಿ, ಅದು ಯಾರು ತಂದದ್ದು, ಯಾವ ಊರಿನಿಂದ, ಯಾವ ವರ್ಷ, ಜರಿ ಹೊಲಿದವರು ಯಾರು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕಟ್ಟಿನ ಹಿಂಬದಿಗೆ ಅಂಟಿಸಿ. ಹಲಗೆಗೆ ಅಂಟಿಸಬೇಡಿ, ಕಟ್ಟಿಗೆ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ.

ಊಟದ ಮನೆಗೆ ಹೋಗುವ ದಾರಿಯಲ್ಲಿ, ಬಲಗಡೆಯ ಮೇಜಿನ ಮೇಲೆ ಎರಡು ಪಟಗಳನ್ನು ಇಟ್ಟಿದ್ದೇವೆ. ಒಂದು ರೇಕಿನದು, ಇನ್ನೊಂದು ಜರಿಯದು. ಮಕ್ಕಳನ್ನು ಮುಂದೆ ಬಿಡಿ, ಹತ್ತಿರದಿಂದ ನೋಡಲಿ. ಮುಟ್ಟುವುದು ಮಾತ್ರ ಬೇಡ.